ಮೇಕೆದಾಟು ಪಾದಯಾತ್ರೆ ಮತ್ತು ವಾರಾಂತ್ಯದ ಕರ್ಫ್ಯೂ: ಒಂದು ಪ್ರಕರಣ ಅಧ್ಯಯನ

2022ರ ಜನವರಿ 9, ಭಾನುವಾರ. ಕನಕಪುರದಲ್ಲಿ ನಮ್ಮ ಸೋದರಮಾವನದು ಒಂದು ಸಣ್ಣ ಬಟ್ಟೆ ಅಂಗಡಿ. ಸಂಕ್ರಾಂತಿಗೆ ಇನ್ನು ಐದಾರು ದಿನ ಇತ್ತು. ಎಳ್ಳು ಬೀರೋಕೆ ಹೋಗುವ ಹೆಣ್ಣುಮಕ್ಕಳಿಗೆ ಅಂತ ಅವರು ಪ್ರತಿ ವರ್ಷ ಜರಿ ಅಂಚಿನ ಲಂಗ, ಬ್ಲೌಸು ತರಿಸುತ್ತಾರೆ. ಹಬ್ಬದ ಹಿಂದಿನ ಭಾನುವಾರ ಅಂದರೆ ವರ್ಷದ ಒಳ್ಳೇ ವ್ಯಾಪಾರದ ದಿನಗಳಲ್ಲಿ ಒಂದು. ಆದರೆ ಅವತ್ತು ವಾರಾಂತ್ಯದ ಕರ್ಫ್ಯೂ. ಹಾಲು, ತರಕಾರಿ, ದಿನಸಿ, ಔಷಧಿ ಇಂಥವು ಬಿಟ್ಟರೆ ಎಲ್ಲ ಬಂದ್. ಮಾವ ಬೆಳಗ್ಗೆ ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗೆ ಹೋಗಿದ್ದಾರೆ. ಕಸ ಗುಡಿಸಿ, ಪರಿಚಯದ ಒಬ್ಬರಿಗೆ ಎರಡು ಲಂಗ ಕೊಟ್ಟಿದ್ದಾರೆ. ಪೊಲೀಸರ ಬೈಕಿನ ಸದ್ದು ಕೇಳಿದ್ದೇ ತಡ, ಶಟರ್ ಎಳೆದು ಮನೆಗೆ ಬಂದಿದ್ದಾರೆ. ಬಂದು ಟಿವಿ ಹಾಕಿದರೆ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಿಂದ ಕಾಂಗ್ರೆಸ್ಸಿನ ಪಾದಯಾತ್ರೆಯ ನೇರ ಪ್ರಸಾರ. ಅದೇ ತಾಲ್ಲೂಕು, ಅದೇ ದಿನ. ಸಾವಿರಾರು ಜನ, ಬಾವುಟ, ತಮಟೆ.

ನನಗೆ ಫೋನ್ ಮಾಡಿದರು. "ನೋಡಪ್ಪಾ, ಎರಡು ಲಂಗ ಮಾರಿದ್ರೆ ನಂಗೆ ಕೊರೊನಾ ಬರುತ್ತಂತೆ. ಅಲ್ಲಿ ಅಷ್ಟು ಜನ ನಡೆದ್ರೆ ಬರಲ್ವಂತೆ. ಇದ್ಯಾವ ಸೀಮೆ ರೋಗ?"

ಆಗ ನಗು ಬಂತು. ಆಮೇಲೆ ಯೋಚಿಸಿದರೆ, ಆ ವಾರವೆಲ್ಲ ಟಿವಿಯಲ್ಲಿ ಕೂತು ಚರ್ಚೆ ಮಾಡಿದವರಿಗಿಂತ ಮಾವನ ಪ್ರಶ್ನೆಯೇ ನೇರವಾಗಿತ್ತು ಅನಿಸಿತು. ಚರ್ಚೆಯಲ್ಲಿ ಒಂದು ಕಡೆಯವರು ಜನರ ಜೀವ ಮುಖ್ಯ ಅನ್ನುತ್ತಿದ್ದರು. ಇನ್ನೊಂದು ಕಡೆಯವರು ಪ್ರತಿಭಟನೆ ನಮ್ಮ ಹಕ್ಕು ಅನ್ನುತ್ತಿದ್ದರು. ಎರಡೂ ಸರಿಯೇ. ನಿಯಮ ಮಾಡಿದವರು ಯಾರು, ಯಾವ ಲೆಕ್ಕ ನೋಡಿ ಮಾಡಿದರು, ಅದು ಯಾರ ಮೇಲೆ ಎಷ್ಟು ಜೋರಾಗಿ ಬಿತ್ತು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಈ ಪ್ರಕರಣವನ್ನು ನಾನು ಆ ಕಡೆಯಿಂದ ನೋಡುತ್ತಿದ್ದೇನೆ.

ನೀರಿನ ಕಥೆ, ಚುಟುಕಾಗಿ

ಮೇಕೆದಾಟು ಯೋಜನೆ ಎಲ್ಲರಿಗೂ ಗೊತ್ತಿರುವುದೇ. ಕಾವೇರಿಗೆ ಅಡ್ಡಲಾಗಿ ಸಮತೋಲನ ಜಲಾಶಯ, ಸುಮಾರು 67 ಟಿಎಂಸಿ ಅಡಿ ಸಂಗ್ರಹ, 400 ಮೆಗಾವಾಟ್ ವಿದ್ಯುತ್, ಬೆಂಗಳೂರಿಗೆ ಕುಡಿಯುವ ನೀರು, ಆಗಿನ ಲೆಕ್ಕಕ್ಕೆ 9,000 ಕೋಟಿ ರೂಪಾಯಿ ಅಂದಾಜು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಬಾಯಾರಿಕೆ ನೋಡಿ ಕೊಟ್ಟದ್ದು. ತಮಿಳುನಾಡು ಅಣೆಕಟ್ಟು ಬೇಡ ಅನ್ನುತ್ತದೆ. ಕಾಡು ಮುಳುಗುತ್ತದೆ ಅನ್ನುವವರೂ ಇದ್ದಾರೆ. ಅದು ಬೇರೆಯದೇ ದೊಡ್ಡ ಚರ್ಚೆ. ಕರ್ನಾಟಕದ ಮೂರೂ ದೊಡ್ಡ ಪಕ್ಷಗಳು ಯೋಜನೆ ಬೇಕು ಅನ್ನುತ್ತವೆ. ಜಗಳ ಏನಿದ್ದರೂ ಅದನ್ನು ನಿಜವಾಗಿ ಯಾರು ಮಾಡುತ್ತಾರೆ, ಹೆಸರು ಯಾರಿಗೆ ಎಂಬುದರ ಮೇಲೆ.

ಆಗ ಬಿಜೆಪಿ ಸರ್ಕಾರ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ. ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ "ನಮ್ಮ ನೀರು ನಮ್ಮ ಹಕ್ಕು" ಅಂತ ಘೋಷಣೆ ಇಟ್ಟುಕೊಂಡು ಸಂಗಮದಿಂದ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದವರೆಗೆ ಪಾದಯಾತ್ರೆ ಎಂದು ಘೋಷಿಸಿತು. ಜನವರಿ 9ರಿಂದ 19ರವರೆಗೆ ಕಾರ್ಯಕ್ರಮ. ಮುಂದಾಳು ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್. ಕನಕಪುರ ಅವರದೇ ಕ್ಷೇತ್ರ. ಜತೆಗೆ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ. ವಿಧಾನಸಭಾ ಚುನಾವಣೆಗೆ ಒಂದೂಕಾಲು ವರ್ಷ ಇತ್ತು. ಹಳೇ ಮೈಸೂರು ಭಾಗದಲ್ಲಿ ಜೆಡಿಎಸ್ ಜಾಗಕ್ಕೆ ಎಲ್ಲರ ಕಣ್ಣು. ಇದನ್ನು ಬರೀ ನೀರಿನ ನಡಿಗೆ ಎಂದರೆ ಕನಕಪುರದ ಚಹಾ ಅಂಗಡಿಯಲ್ಲೇ ನಗುತ್ತಾರೆ. ಹಾಗಂತ ರಾಜಕೀಯ ಇದ್ದ ಮಾತ್ರಕ್ಕೆ ಹಕ್ಕು ಇಲ್ಲ ಅಂತಾಗುವುದಿಲ್ಲ. ರಾಜಕೀಯ ಮಾಡೋಕೆ ತಾನೇ ಆ ಹಕ್ಕು ಇರುವುದು.

ನಿಯಮ ಬಂದ ವಾರ

ದಿನಾಂಕಗಳನ್ನು ಸ್ವಲ್ಪ ಗಮನಿಸಬೇಕು. ಅನುಮಾನ ಹುಟ್ಟಿದ್ದೇ ಅಲ್ಲಿ.

ಜನವರಿ 3ರಂದು ರಾಮನಗರದಲ್ಲಿ ಸರ್ಕಾರಿ ಕಾರ್ಯಕ್ರಮ. ಕೆಂಪೇಗೌಡ ಮತ್ತು ಅಂಬೇಡ್ಕರ್ ಪ್ರತಿಮೆಗಳ ಅನಾವರಣ. ವೇದಿಕೆಯ ಮೇಲೆ ಮುಖ್ಯಮಂತ್ರಿಯ ಎದುರೇ ಸಚಿವ ಸಿ.ಎನ್. ಅಶ್ವತ್ಥನಾರಾಯಣ ಮತ್ತು ಶಿವಕುಮಾರ್ ಅವರ ತಮ್ಮ, ಕಾಂಗ್ರೆಸ್ ಸಂಸದ ಡಿ.ಕೆ. ಸುರೇಶ್ ನಡುವೆ ಜಟಾಪಟಿ ಆಯಿತು. ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಮರುದಿನ, ಜನವರಿ 4ರಂದು, ಸರ್ಕಾರ ವಾರಾಂತ್ಯದ ಕರ್ಫ್ಯೂ ಘೋಷಿಸಿತು. ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಗ್ಗೆ 5ರವರೆಗೆ. ಮದುವೆಗೆ ಹೊರಾಂಗಣದಲ್ಲಿ 200, ಒಳಾಂಗಣದಲ್ಲಿ 100 ಜನ. ಸಿನಿಮಾ ಮಂದಿರದಲ್ಲಿ ಅರ್ಧ ಸೀಟು. ಬೆಂಗಳೂರಿನಲ್ಲಿ 10ನೇ ತರಗತಿ ಮತ್ತು ಪಿಯುಸಿ ಬಿಟ್ಟು ಉಳಿದ ಮಕ್ಕಳಿಗೆ ಶಾಲೆ ಇಲ್ಲ. ರ‍್ಯಾಲಿ, ಧರಣಿ, ಪ್ರತಿಭಟನೆಗೆ ನಿಷೇಧ. ಜನವರಿ 19ರವರೆಗೆ ಜಾರಿ. ಪಾದಯಾತ್ರೆ ಮುಗಿಯಬೇಕಿದ್ದ ದಿನವೂ ಅದೇ 19.

ಇದು ಕೊರೊನಾ ಕರ್ಫ್ಯೂ ಅಲ್ಲ, ಬಿಜೆಪಿ ಕರ್ಫ್ಯೂ ಎಂದು ಕಾಂಗ್ರೆಸ್ ಕೂಗಿತು. ನನಗೂ ಆ ದಿನಾಂಕ ನೋಡಿ ಹುಬ್ಬು ಏರಿತ್ತು. ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ಪತ್ತೆಯಾದದ್ದು ಬೆಂಗಳೂರಿನಲ್ಲೇ, 2021ರ ಡಿಸೆಂಬರ್ 2ರಂದು ಪ್ರಕಟವಾಯಿತು. ಡಿಸೆಂಬರ್ 28ರಿಂದಲೇ ರಾತ್ರಿ ಕರ್ಫ್ಯೂ ಇತ್ತು. ಜನವರಿ 4ರಂದು ರಾಜ್ಯದಲ್ಲಿ ಒಂದೇ ದಿನ 2,479 ಹೊಸ ಪ್ರಕರಣ. ಹಿಂದಿನ ದಿನದ ಹೆಚ್ಚುಕಡಿಮೆ ಎರಡರಷ್ಟು. ದೆಹಲಿಯೂ ಅದೇ ದಿನಗಳಲ್ಲಿ ವಾರಾಂತ್ಯದ ಕರ್ಫ್ಯೂ ತಂದಿತು. ಹಾಗಾಗಿ ನಿಯಮ ಸುಮ್ನೆ ಹುಟ್ಟಿಸಿದ್ದು ಅನ್ನೋಕೆ ಆಗಲ್ಲ. ಎಂಟು ತಿಂಗಳ ಹಿಂದಷ್ಟೇ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಜನ ಸತ್ತಿದ್ದರು. ಆ ನೆನಪು ಇನ್ನೂ ಹಸಿ ಇತ್ತು. ಹೆದರುವುದಕ್ಕೆ ಕಾರಣ ಇತ್ತು.

ಇಲ್ಲಿ ಒಂದು ಕಾನೂನಿನ ಸಂಗತಿ ಇದೆ, ಚರ್ಚೆಯಲ್ಲಿ ಅದನ್ನು ಎತ್ತಿದವರು ಕಡಿಮೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಯಾರು? ಪದನಿಮಿತ್ತ ಮುಖ್ಯಮಂತ್ರಿಯೇ. ಕಾರ್ಯಕಾರಿ ಸಮಿತಿಗೆ ಮುಖ್ಯ ಕಾರ್ಯದರ್ಶಿ. ವೈದ್ಯರ ತಾಂತ್ರಿಕ ಸಲಹಾ ಸಮಿತಿ ಸಲಹೆ ಕೊಡುತ್ತದೆ, ತೀರ್ಮಾನ ಸರ್ಕಾರದ್ದು. ಅಂದರೆ ಎದುರಾಳಿ ಪಕ್ಷದ ಮೆರವಣಿಗೆ ನಡೆಯಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂತವರು ಆ ಮೆರವಣಿಗೆಯಿಂದ ನಷ್ಟ ಆಗುವವರೇ. ಬೊಮ್ಮಾಯಿ ಅಂತಲ್ಲ, ಯಾವ ಪಕ್ಷದವರು ಆ ಕುರ್ಚಿಯಲ್ಲಿದ್ದರೂ ಈ ತೊಡಕು ತಪ್ಪಲ್ಲ.

ಇದನ್ನು ಜನವರಿ 8ರ ಇನ್ನೊಂದು ತೀರ್ಮಾನದ ಪಕ್ಕ ಇಟ್ಟು ನೋಡಿ. ಅವತ್ತು ಚುನಾವಣಾ ಆಯೋಗ ಉತ್ತರ ಪ್ರದೇಶ, ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರದ ಚುನಾವಣಾ ದಿನಾಂಕ ಪ್ರಕಟಿಸಿತು. ಜತೆಗೇ ಜನವರಿ 15ರವರೆಗೆ ರ‍್ಯಾಲಿ, ರೋಡ್ ಶೋ, ಪಾದಯಾತ್ರೆ ಎಲ್ಲ ನಿಷೇಧ ಎಂದಿತು. ಆಮೇಲೆ ಅದನ್ನು ವಿಸ್ತರಿಸಿತು ಕೂಡ. ಪಾದಯಾತ್ರೆ ಎಂಬ ಪದ ಅದರಲ್ಲೇ ಇತ್ತು. ಪಕ್ಷಗಳು ಹೆಚ್ಚುಕಡಿಮೆ ಗೊಣಗಿಕೊಂಡೇ ಒಪ್ಪಿದವು. ಯಾಕೆಂದರೆ ಹೇಳಿದವರು ಸ್ಪರ್ಧೆಯಲ್ಲಿ ಇರಲಿಲ್ಲ, ನಿಷೇಧ ಎಲ್ಲರಿಗೂ ಒಂದೇ ಆಗಿತ್ತು. ಅದೇ ನಿಯಮ, ಅದೇ ವಾರ, ಮರುದಿನ ಸಂಗಮದಲ್ಲಿ ಯಾರೂ ಒಪ್ಪಲಿಲ್ಲ.

ನಾಲ್ಕು ದಿನ

ಸರ್ಕಾರದ ಮುಂದೆ ಎರಡು ದಾರಿ ಇದ್ದವು. ಒಂದು, ಜನವರಿ 8ರ ರಾತ್ರಿಯೇ ಸ್ಪಷ್ಟವಾಗಿ ತಡೆಯುವುದು. ಇನ್ನೊಂದು, ಇಷ್ಟೇ ಜನ, ಮಾಸ್ಕ್ ಕಡ್ಡಾಯ, ಊಟ ಪೊಟ್ಟಣದಲ್ಲಿ ಎಂಬಂಥ ಷರತ್ತು ಹಾಕಿ ಬಿಡುವುದು. ಎರಡನ್ನೂ ಮಾಡಲಿಲ್ಲ. ನಡಿಗೆ ಶುರುವಾಯಿತು. ಸಾತನೂರು ಠಾಣೆಯಲ್ಲಿ ಸುಮಾರು 30 ನಾಯಕರ ಮೇಲೆ ಪ್ರಕರಣ ದಾಖಲಾಯಿತು. ನಡಿಗೆ ಮುಂದುವರಿಯಿತು. ಮತ್ತೆ ಪ್ರಕರಣ, ಮತ್ತೆ ನಡಿಗೆ. ದೊಡ್ಡಆಲಹಳ್ಳಿ ದಾಟಿ ಸೋಮವಾರ ಕನಕಪುರಕ್ಕೆ ಬಂತು.

ಯಾಕೆ ತಡೆಯಲಿಲ್ಲ? ನನ್ನ ಊಹೆ ಇಷ್ಟು. ಕನಕಪುರದ ರಸ್ತೆಯಲ್ಲಿ ಶಿವಕುಮಾರ್ ಅವರನ್ನು ಪೊಲೀಸ್ ವ್ಯಾನ್ ಹತ್ತಿಸಿದರೆ ಆ ಒಂದು ಫೋಟೊ ಹನ್ನೊಂದು ದಿನದ ನಡಿಗೆಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ಮೇಲಾಗಿ ಮೇಕೆದಾಟು ವಿರೋಧಿ ಅನ್ನಿಸಿಕೊಳ್ಳೋಕೆ ಯಾವ ಪಕ್ಷಕ್ಕೂ ಇಷ್ಟ ಇರಲಿಲ್ಲ. ಹಾಗಾಗಿ ರೋಗದ ನಿಯಮವನ್ನು ಜಾರಿ ಮಾಡುವಾಗಲೂ ರಾಜಕೀಯದ ಲೆಕ್ಕವೇ ನಡೆಯಿತು. ಮಾವನ ಶಟರ್ ವಿಷಯದಲ್ಲಿ ಅಂಥ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಎಳಿ ಅಂದರು, ಎಳೆದರು.

ನಡೆಯುವವರ ಕಡೆಯೂ ನೋಡೋಣ. ಕೊರೊನಾ ನಿಯಮ ಪಾಲಿಸುತ್ತೇವೆ ಎಂದು ಕಾಂಗ್ರೆಸ್ ಮೊದಲೇ ಹೇಳಿತ್ತು. ಬಯಲಲ್ಲಿ ನಡೆಯುವುದು ಮುಚ್ಚಿದ ಹಾಲಿನಲ್ಲಿ ಕೂರುವಷ್ಟು ಅಪಾಯ ಅಲ್ಲ, ಅದೂ ನಿಜ. ಆದರೆ ಪಾದಯಾತ್ರೆ ಅಂದರೆ ಬರೀ ನಡಿಗೆ ಅಲ್ಲವಲ್ಲ. ಊಟದ ಪೆಂಡಾಲಿನ ನೂಕುನುಗ್ಗಲು, ಬಸ್ಸಿನಲ್ಲಿ ಜನ ತರುವುದು, ರಾತ್ರಿ ಕಲ್ಯಾಣ ಮಂಟಪದಲ್ಲಿ ಸಾಲಾಗಿ ಮಲಗುವುದು, ನಾಯಕರ ಜತೆ ಸೆಲ್ಫಿಗೆ ಮುತ್ತಿಕೊಳ್ಳುವುದು, ಎಲ್ಲ ಸೇರಿಯೇ ಪಾದಯಾತ್ರೆ. ಮುಂದಿನ ಸಾಲಿನ ನಾಯಕರ ಮುಖದಲ್ಲೂ ಎಷ್ಟೋ ಸಲ ಮಾಸ್ಕ್ ಇರಲಿಲ್ಲ. ಇದ್ದವರದು ಗಲ್ಲದ ಕೆಳಗೆ. ನಡೆದ ಹಿರಿಯ ನಾಯಕರಲ್ಲಿ ಕೆಲವರಿಗೆ ಸೋಂಕು ದೃಢಪಟ್ಟಿತು. ಅದೇ ಹೊತ್ತಿಗೆ, ಜನವರಿ 10ರಂದು, ಮುಖ್ಯಮಂತ್ರಿಗೂ ಬಂತು. ಹಾಗಾಗಿ ಯಾರಿಗೆ ಎಲ್ಲಿಂದ ತಗುಲಿತು ಎಂದು ಬೊಟ್ಟು ಮಾಡಿ ತೋರಿಸೋಕೆ ಆಗುವುದಿಲ್ಲ.

ಇನ್ನು ಮೊದಲ ದಿನ ರಾತ್ರಿಯ ಪ್ರಸಂಗ. ಅಧಿಕಾರಿಗಳು ಆರೋಗ್ಯ ಸಿಬ್ಬಂದಿ ಕರೆದುಕೊಂಡು ಶಿವಕುಮಾರ್ ಅವರ ಗಂಟಲ ದ್ರವದ ಮಾದರಿ ತೆಗೆದುಕೊಳ್ಳಲು ಬಂದರು. ಅವರು ಕೊಡಲಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ, ಬಲವಂತ ಮಾಡುವಂತಿಲ್ಲ ಎಂಬರ್ಥದಲ್ಲಿ ಗದರಿ ಕಳಿಸಿದರು. ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಅರ್ಧ ಜನ ಭೇಷ್ ಎಂದರು, ಇನ್ನರ್ಧ ಜನ ಅಹಂಕಾರ ಎಂದರು.

ನನಗೆ ಈ ಪ್ರಸಂಗ ಅಷ್ಟು ಸುಲಭ ಅನ್ನಿಸುವುದಿಲ್ಲ. ಲಕ್ಷಣ ಇಲ್ಲದ ಒಬ್ಬ ಮನುಷ್ಯನ ಮೂಗಿಗೆ ಅವನ ಒಪ್ಪಿಗೆ ಇಲ್ಲದೆ ಕಡ್ಡಿ ಹಾಕಬಹುದಾ? ನಾಲ್ಕು ತಿಂಗಳ ನಂತರ, 2022ರ ಮೇ 2ರಂದು, ಡಾ. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಪ್ರಶ್ನೆಯನ್ನು ತೀರ್ಮಾನಿಸಿತು. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ. ಮೈ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿತು. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತಿ ಹಾಕಬಹುದು, ಆದರೆ ಅದಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಹಾಕಿದ ಮಿತಿ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ಲಸಿಕೆ ಹಾಕಿಸಿಕೊಂಡವರಿಗಿಂತ ಹಾಕಿಸಿಕೊಳ್ಳದವರು ರೋಗ ಜಾಸ್ತಿ ಹರಡುತ್ತಾರೆ ಎಂದು ತೋರಿಸುವ ಅಂಕಿಅಂಶವನ್ನು ಸರ್ಕಾರಗಳು ಮುಂದಿಟ್ಟಿಲ್ಲ, ಹಾಗಾಗಿ ಅವರ ಓಡಾಟಕ್ಕೆ ಹಾಕಿದ ನಿರ್ಬಂಧ ಆ ಹೊತ್ತಿಗೆ ಸರಿಯಲ್ಲ ಎಂದಿತು. ಈ ಮೂರು ಅಳತೆ ಹೆಚ್ಚು ಗಟ್ಟಿಯಾಗಿ ಮಾತಿಗೆ ಬಂದದ್ದು 2017ರ ಖಾಸಗಿತನದ ತೀರ್ಪಿನಿಂದ. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆ ಅಳತೆಯಲ್ಲಿ ನೋಡಿದರೆ ಶಿವಕುಮಾರ್ ಅವರ ವಾದದಲ್ಲಿ ಹುರುಳಿದೆ. ಆದರೆ ಒಂದು ಮುಳ್ಳೂ ಇದೆ. 2021ರಲ್ಲಿ ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಕೇರಳದಿಂದ ಬರುವವರು ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕಿತ್ತು. ಮಂಗಳೂರಿನ ಕಾಲೇಜಿಗೆ ಬರುವ ಕಾಸರಗೋಡಿನ ಕನ್ನಡದ ಹುಡುಗರು, ಆಸ್ಪತ್ರೆಗೆ ಬರುವವರು, ಕೂಲಿಗೆ ಬರುವವರು ಎಲ್ಲ ಮೂಗು ಕೊಟ್ಟೇ ದಾಟಿದರು. ನಾನು ಕೊಡಲ್ಲ ಅಂದಿದ್ದರೆ ಅವರನ್ನು ವಾಪಸ್ ಕಳಿಸುತ್ತಿದ್ದರು. ಶಿವಕುಮಾರ್ ಅವರ ಹತ್ತಿರ ಬಂದ ಸಿಬ್ಬಂದಿಯೇ ವಾಪಸ್ ಹೋದರು. ಹಕ್ಕು ಎರಡೂ ಕಡೆ ಒಂದೇ. ಅದನ್ನು ಚಲಾಯಿಸುವ ತಾಕತ್ತು ಒಂದೇ ಇರಲಿಲ್ಲ.

ಕೋರ್ಟ್ ಕೇಳಿದ್ದು

ಜನವರಿ 12ರಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರ ಪೀಠದ ಮುಂದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. ಪೀಠ ಎರಡೂ ಕಡೆಯವರನ್ನು ಕೇಳಿತು. ಸರ್ಕಾರಕ್ಕೆ: ಅನುಮತಿ ಕೊಟ್ಟಿದ್ದೀರಾ? ಇಲ್ಲವಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ? ಕೆಪಿಸಿಸಿಗೆ: ಅನುಮತಿ ತಗೊಂಡಿದ್ದೀರಾ? ನಿಯಮ ಪಾಲನೆಗೆ ಏನು ಮಾಡಿದ್ದೀರಿ? ಅನುಮತಿ ಇಲ್ಲದಿದ್ದರೆ ಕಾನೂನು ಪ್ರಕಾರ ಕ್ರಮ ತೆಗೆದುಕೊಳ್ಳಲು ಸರ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ ಎಂದೂ ಹೇಳಿತು.

ಅವತ್ತು ರಾತ್ರಿಯೇ ಸರ್ಕಾರ ಪಾದಯಾತ್ರೆಯನ್ನು ನಿಷೇಧಿಸಿ ಆದೇಶ ಹೊರಡಿಸಿತು. ಗಮನಿಸಿ, ಹೊಸ ಅಧಿಕಾರವೇನೂ ಸಿಕ್ಕಿರಲಿಲ್ಲ. 8ನೇ ತಾರೀಖು ಕೈಯಲ್ಲಿದ್ದದ್ದೇ 12ಕ್ಕೂ ಇದ್ದದ್ದು. ಕೋರ್ಟ್ ಹೆಗಲು ಸಿಕ್ಕಿತು ಅಷ್ಟೇ. 13ರಂದು ರಾಮನಗರದಲ್ಲಿ ಕಾಂಗ್ರೆಸ್ ನಾಯಕರು ಸಭೆ ಸೇರಿ ನಡಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅವರಿಗೂ ಅದೇ ಹೆಗಲು ಬೇಕಿತ್ತೇನೋ. ಸರ್ಕಾರಕ್ಕೆ ಹೆದರಿ ನಿಲ್ಲಿಸಿದರು ಅನ್ನಿಸಿಕೊಳ್ಳುವುದಕ್ಕಿಂತ ಕೋರ್ಟಿಗೆ, ಜನರ ಆರೋಗ್ಯಕ್ಕೆ ತಲೆಬಾಗಿದರು ಅನ್ನಿಸಿಕೊಳ್ಳುವುದು ವಾಸಿ ಅಲ್ವಾ?

ಇಲ್ಲಿ ಸಂವಿಧಾನದ ಒಂದು ಸೂಕ್ಷ್ಮ ಇದೆ. 19ನೇ ವಿಧಿ ಶಾಂತಿಯಿಂದ ಗುಂಪು ಸೇರುವ ಹಕ್ಕನ್ನೂ ಕೊಡುತ್ತದೆ, ದೇಶದೆಲ್ಲೆಡೆ ಓಡಾಡುವ ಹಕ್ಕನ್ನೂ ಕೊಡುತ್ತದೆ. ಎರಡಕ್ಕೂ ಮಿತಿ ಹಾಕಬಹುದು, ಆದರೆ ಕಾರಣ ಬೇರೆ ಬೇರೆ. ಓಡಾಟಕ್ಕೆ ಸಾರ್ವಜನಿಕರ ಹಿತ ಎಂಬ ದೊಡ್ಡ ಕಾರಣ ಸಾಕು. ಗುಂಪು ಸೇರುವುದಕ್ಕೆ ಮಿತಿ ಹಾಕಲು ದೇಶದ ಸಾರ್ವಭೌಮತೆ, ಅಖಂಡತೆ ಅಥವಾ ಸಾರ್ವಜನಿಕ ಸುವ್ಯವಸ್ಥೆ ಎಂಬ ಕಾರಣ ಬೇಕು. ಆರೋಗ್ಯ ಎಂಬ ಪದ ಅಲ್ಲಿ ಇಲ್ಲ. ಸಾಂಕ್ರಾಮಿಕ ರೋಗ ಸುವ್ಯವಸ್ಥೆಯ ವಿಷಯವೇ ಹೌದು ಎಂದು ವಾದಿಸಬಹುದು. ನಾನೂ ಒಪ್ಪುತ್ತೇನೆ. ಆದರೆ ಅದು ವಾದಿಸಿ ಗೆಲ್ಲಬೇಕಾದ ಮಾತು. ನಮ್ಮಲ್ಲಿ ಅದನ್ನು ಯಾರೂ ಪೂರ್ತಿ ವಾದಿಸಲಿಲ್ಲ. ನಡಿಗೆ ನಿಂತಿತು, ಪ್ರಶ್ನೆ ಹಾಗೇ ಉಳಿಯಿತು.

ಸರ್ಕಾರದ ಬಾಯಿ ಕಟ್ಟಿದ್ದ ಇನ್ನೊಂದು ಸಂಗತಿ ಅದರ ಹಳೇ ನಡವಳಿಕೆ. ಒಂದು ವರ್ಷದ ಹಿಂದೆ, 2021ರ ಜನವರಿ 17ರಂದು, ಬೆಳಗಾವಿಯಲ್ಲಿ ಅಮಿತ್ ಶಾ ಪಾಲ್ಗೊಂಡ ಸಮಾವೇಶದಲ್ಲಿ ಮಾಸ್ಕ್, ಅಂತರ ಇರಲಿಲ್ಲ ಎಂಬ ವಿಷಯ ಹೈಕೋರ್ಟಿನವರೆಗೂ ಹೋಗಿತ್ತು. ಪ್ರಕರಣ ಯಾಕೆ ದಾಖಲಿಸಲಿಲ್ಲ ಎಂದು ಕೋರ್ಟ್ ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತ್ತು. ಅಷ್ಟೇಕೆ, ಇದೇ ಜನವರಿಯಲ್ಲಿ ಹೊನ್ನಾಳಿ ಕಡೆ ಆಡಳಿತ ಪಕ್ಷದ ಶಾಸಕರೊಬ್ಬರು ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಜನರ ನಡುವೆ ಕಾಣಿಸಿಕೊಂಡರು. ನೀವು ಮಾಡಿಲ್ವಾ ಎಂದು ಕಾಂಗ್ರೆಸ್ ಕೇಳಿದರೆ ಉತ್ತರ ಇರಲಿಲ್ಲ. ಆದರೆ ನೀವು ಮಾಡಿಲ್ವಾ ಎಂಬುದು ಅಂಗಳದ ಜಗಳದಲ್ಲಿ ನಡೆಯುವ ಮಾತು. ದಿನಕ್ಕೆ ಹತ್ತು ಸಾವಿರ ದಾಟಿ ಪ್ರಕರಣ ಬರುವಾಗ ಜನರನ್ನು ಸೇರಿಸೋಕೆ ಅದು ಕಾರಣ ಆಗಲ್ಲ. ಪಾದಯಾತ್ರೆಯನ್ನು ಆರು ವಾರ ಮುಂದೂಡಿದ್ದರೆ ಮೇಕೆದಾಟು ಎಲ್ಲಿಗೂ ಹೋಗುತ್ತಿರಲಿಲ್ಲ. ಕಡೆಗೆ ಆದದ್ದೂ ಅದೇ.

ಅಳತೆಗೋಲು

ನನಗೆ ಈ ಪ್ರಕರಣದಲ್ಲಿ ಹೆಚ್ಚು ಕಾಡಿದ್ದು ಪಾದಯಾತ್ರೆ ಅಲ್ಲ, ಅದರ ನಂತರದ ವಾರ.

ಜನವರಿ 4ರಂದು 2,479 ಪ್ರಕರಣ ಬಂದಾಗ ಕರ್ಫ್ಯೂ ಘೋಷಣೆ. ನಡಿಗೆ ಶುರುವಾದ 9ರಂದು ಸುಮಾರು 12,000. ಕೋರ್ಟ್ ಕೇಳಿದ 12ರಂದು 21,390. ಜನವರಿ 21ರಂದು 48,049. ಅವತ್ತು ಸರ್ಕಾರ ಏನು ಮಾಡಿತು? 19ರ ಆಚೆಗೂ ವಿಸ್ತರಿಸಿದ್ದ ವಾರಾಂತ್ಯದ ಕರ್ಫ್ಯೂ ತೆಗೆದುಹಾಕಿತು. ಎರಡು ದಿನ ಬಿಟ್ಟು, 23ರಂದು, 50,210.

ಓದಿದವರಿಗೆ ತಲೆ ತಿರುಗಬೇಕು. ಎರಡೂವರೆ ಸಾವಿರಕ್ಕೆ ಬಾಗಿಲು ಹಾಕಿ, ನಲವತ್ತೆಂಟು ಸಾವಿರಕ್ಕೆ ತೆಗೆದರು. ಆದರೆ ಇದು ಹುಚ್ಚಾಟ ಏನೂ ಅಲ್ಲ. ತೆಗೆದದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಆಸ್ಪತ್ರೆಗೆ ಸೇರುವವರ ಪ್ರಮಾಣ ಶೇಕಡ 5ರ ಆಸುಪಾಸು ಇದೆ, ಅದು ಏರಿದರೆ ಮತ್ತೆ ನೋಡೋಣ ಎಂದರು. ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟರೆ ಅರ್ಥ ಆಗುತ್ತದೆ. 2021ರ ಮೇ 5ರಂದು ರಾಜ್ಯದಲ್ಲಿ 50,112 ಪ್ರಕರಣ ಬಂದಾಗ ಅವತ್ತು ವರದಿಯಾದ ಸಾವು 346. 2022ರ ಜನವರಿ 23ರಂದು 50,210 ಪ್ರಕರಣಕ್ಕೆ 19. ಹೆಚ್ಚುಕಡಿಮೆ ಅಷ್ಟೇ ಸೋಂಕು, ಸಾವು ಅದರ ಹದಿನೆಂಟನೇ ಒಂದು ಭಾಗ. ನಡುವೆ ಲಸಿಕೆ ಬಹಳ ಜನಕ್ಕೆ ಸಿಕ್ಕಿತ್ತು, ವೈರಸ್ಸಿನ ತಳಿಯೂ ಬೇರೆಯಾಗಿತ್ತು.

ಅಂದರೆ ಅಳತೆಗೋಲು ನಡುದಾರಿಯಲ್ಲಿ ಬದಲಾಯಿತು. ಮೊದಲು ಎಷ್ಟು ಜನಕ್ಕೆ ಬಂತು ಎಂದು ಎಣಿಸುತ್ತಿದ್ದರು. ಆಮೇಲೆ ಎಷ್ಟು ಜನ ಹಾಸಿಗೆ ಹಿಡಿದರು ಎಂದು ಎಣಿಸಿದರು. ಎರಡನೆಯದೇ ಸರಿಯಾದ ಲೆಕ್ಕ. ಆದರೆ ಅದನ್ನು ಜನವರಿ 4ರಂದೇ ಹೇಳಬಹುದಿತ್ತು. ಆಸ್ಪತ್ರೆಯ ಹಾಸಿಗೆ ಇಷ್ಟು ತುಂಬಿದರೆ ಅಂಗಡಿ ಬಂದ್, ಇಷ್ಟು ತುಂಬಿದರೆ ಮೆರವಣಿಗೆ ಬಂದ್, ಇಷ್ಟಕ್ಕೆ ಇಳಿದರೆ ಎಲ್ಲ ಓಪನ್, ಅಂತ ಒಂದು ಹಾಳೆಯಲ್ಲಿ ಬರೆದು ಹಾಕಬಹುದಿತ್ತು. ಹಾಗೆ ಬರೆದಿದ್ದರೆ ಅದು ಪಾದಯಾತ್ರೆಗಾಗಿ ಮಾಡಿದ ನಿಯಮ ಎಂಬ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ. ಬರೆಯದೇ ಇದ್ದುದರಿಂದ ಹಾಕಿದ್ದಕ್ಕೂ ಬೈಗುಳ, ತೆಗೆದದ್ದಕ್ಕೂ ಬೈಗುಳ. ಹಾಕುವಾಗ ಕಾಂಗ್ರೆಸ್ಸಿಗೆ ಹೆದರಿದರು ಎಂದರು. ತೆಗೆಯುವಾಗ ಹೋಟೆಲಿನವರಿಗೆ, ಅಂಗಡಿಯವರಿಗೆ, ತಮ್ಮದೇ ಪಕ್ಷದ ಗೊಣಗಾಟಕ್ಕೆ ಮಣಿದರು ಎಂದರು. ವೈದ್ಯರ ಸಮಿತಿ ಏನು ಹೇಳಿತ್ತು ಎಂಬುದು ಈ ಗಲಾಟೆಯಲ್ಲಿ ಎಲ್ಲೋ ಹೋಯಿತು.

ನಮ್ಮ ಅಜ್ಜಿ ಪ್ಲೇಗಿನ ಕಾಲದ ಕಥೆ ಹೇಳುತ್ತಿದ್ದರು, ಅವರ ಅಮ್ಮ ಹೇಳಿದ್ದು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಗೌಡರ ಮನೆಯವರೂ, ಕೂಲಿಯವರೂ. ಆ ನಿಯಮಕ್ಕೆ ಗುರುತು ಸತ್ತ ಇಲಿ. ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಯಾರೂ ಅದನ್ನು ತಮಗೆ ಬೇಕಾದಂತೆ ಎಣಿಸೋಕೆ ಆಗುತ್ತಿರಲಿಲ್ಲ. ಆ ಕಾಲ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಅದೇ ಪ್ಲೇಗಿಗಾಗಿ ಬ್ರಿಟಿಷರು 1897ರಲ್ಲಿ ಸಾಂಕ್ರಾಮಿಕ ರೋಗ ಕಾಯ್ದೆ ತಂದು, ಸಿಪಾಯಿಗಳನ್ನು ಮನೆಯೊಳಗೆ ನುಗ್ಗಿಸಿ, ಪುಣೆಯಲ್ಲಿ ಆದ ಅನಾಹುತ ಗೊತ್ತಿದ್ದದ್ದೇ. ಪ್ಲೇಗ್ ಕಮಿಷನರ್ ರ‍್ಯಾಂಡ್ ಗುಂಡೇಟಿಗೆ ಬಲಿಯಾದರು. ಕರ್ನಾಟಕ 2020ರಲ್ಲಿ ಆ ಹಳೇ ಕಾಯ್ದೆ ಬಿಟ್ಟು ತನ್ನದೇ ಕಾಯ್ದೆ ಮಾಡಿಕೊಂಡಿತು. ಕಾಯ್ದೆ ಹೊಸದಾದರೂ ಸತ್ತ ಇಲಿಯಷ್ಟು ಸ್ಪಷ್ಟವಾದ ಗುರುತು ಅದರಲ್ಲಿ ಇರಲಿಲ್ಲ.

ಮಾವನ ಲೆಕ್ಕ

ಕಾನೂನಿನ ಭಾಷೆಯಲ್ಲಿ ಮಾವ ಈ ಪ್ರಕರಣದ ಪಕ್ಷಗಾರರೇ ಅಲ್ಲ. ಅವರು ಅರ್ಜಿ ಹಾಕಲಿಲ್ಲ, ಅವರ ಮೇಲೆ ಎಫ್‌ಐಆರ್ ಇಲ್ಲ. ಮಾಸ್ಕ್ ಇಲ್ಲ ಅಂತ ಒಂದು ಸಲ 100 ರೂಪಾಯಿ ದಂಡ ಕಟ್ಟಿದ್ದಾರೆ, ಅದೂ 2020ರಲ್ಲಿ. ರಸೀದಿ ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಇದೆ. ಬೆಂಗಳೂರಿನಂಥ ಪಾಲಿಕೆ ಊರಾಗಿದ್ದರೆ 250 ಆಗ್ತಿತ್ತು ಬಿಡು ಎಂದು ಸಮಾಧಾನ ಮಾಡಿಕೊಂಡಿದ್ದರು.

ಆ ಜನವರಿಯಲ್ಲಿ ಎರಡು ವಾರಾಂತ್ಯ ಅಂಗಡಿ ಮುಚ್ಚಿತ್ತು. ಎರಡನೆಯದು ಸಂಕ್ರಾಂತಿಯ ವಾರದ್ದೇ. ಸೋಮವಾರ ಪಾದಯಾತ್ರೆ ಕನಕಪುರಕ್ಕೆ ಬಂದಾಗ ಅಂಗಡಿ ತೆರೆದಿತ್ತು. ಜನ ಸಾಗರದಂತೆ ಬಂದರು, ಯಾರೂ ಲಂಗ ಕೊಳ್ಳಲಿಲ್ಲ. ನೀರು ಕೇಳಿದರು, ಕೊಟ್ಟರು. ಒಬ್ಬ ಹುಡುಗ ಟೋಪಿ ತೆಗೆದು ಬೆವರು ಒರೆಸಿಕೊಂಡು, "ಅಣ್ಣಾ, ಚಾರ್ಜರ್ ಇದ್ಯಾ?" ಅಂದನಂತೆ. ಹತ್ತು ನಿಮಿಷ ಕೂತು ಹೋದ. ಎರಡು ದಿನ ಬಿಟ್ಟು ಮಾವನಿಗೆ ಸಣ್ಣಗೆ ಗಂಟಲು ಕೆರೆತ ಶುರುವಾಯಿತು. ಪರೀಕ್ಷೆ ಮಾಡಿಸಿ ಅಂದೆ. "ಬೇಡಪ್ಪ. ಬಂದಿದೆ ಅಂದ್ರೆ ಅಂಗಡಿ ಮುಚ್ಚಿಸ್ತಾರೆ" ಎಂದರು. ಕಷಾಯ ಕುಡಿದು, ಮಾಸ್ಕ್ ಹಾಕಿಕೊಂಡು ಗಲ್ಲಾದಲ್ಲಿ ಕೂತರು.

ಶಿವಕುಮಾರ್ ಅವರು ಪರೀಕ್ಷೆ ಬೇಡ ಅಂದದ್ದು ಸುದ್ದಿಯಾಯಿತು. ಮಾವ ಬೇಡ ಅಂದದ್ದು ಅತ್ತೆಗೂ ಗೊತ್ತಾಗಲಿಲ್ಲ. ಇಬ್ಬರಲ್ಲಿ ಯಾರದು ಸ್ವಾತಂತ್ರ್ಯ, ಯಾರದು ಬೇಜವಾಬ್ದಾರಿ ಎಂದು ನನ್ನನ್ನು ಕೇಳಿದರೆ ಹೇಳುವುದು ಕಷ್ಟ. ಮಾವನಿಗೆ ಮೂರು ದಿನದ ನಷ್ಟ ಕಟ್ಟಿಕೊಡುವ ಏರ್ಪಾಡು ಇದ್ದಿದ್ದರೆ ಅವರು ಮೂಗು ಕೊಡುತ್ತಿದ್ದರು. ಅದು ಮಾತ್ರ ಖಚಿತ.

ಫೆಬ್ರವರಿ 27ರಂದು ರಾಮನಗರದಿಂದ ಪಾದಯಾತ್ರೆ ಮತ್ತೆ ಹೊರಟಿತು. ಅಷ್ಟೊತ್ತಿಗೆ ಅಲೆ ಇಳಿದಿತ್ತು. ಯಾರೂ ಸ್ವಾಬ್ ಕಡ್ಡಿ ಹಿಡಿದು ಬರಲಿಲ್ಲ. ಮಾರ್ಚ್ 3ರಂದು ಬೆಂಗಳೂರಿನಲ್ಲಿ ಮುಗಿಯಿತು. ಮಾವನ ಅಂಗಡಿಯಲ್ಲಿ ಸಂಕ್ರಾಂತಿಗೆ ತರಿಸಿದ್ದ ಲಂಗಗಳಲ್ಲಿ ಉಳಿದವು ಯುಗಾದಿಗೆ ಅಸಲಿಗೆ ಹೋದವು. ಎರಡು ಮಾತ್ರ ಹೋಗಲಿಲ್ಲ, ಶಟರ್ ಎಳೆಯುವ ಅವಸರದಲ್ಲಿ ಜರಿ ಅಂಚು ಕೊಕ್ಕೆಗೆ ಸಿಕ್ಕಿ ಹರಿದಿತ್ತು. ಅವನ್ನು ನನ್ನ ಮಗಳಿಗೆ ಕಳಿಸಿಕೊಟ್ಟರು.